ಏಳೂವರೆ ಎಚ್‌ಪಿ ಇಳಿಸಿ ಮೂರು ಎಚ್‌ಪಿ ಕೂರಿಸಿದ್ದು

ಬನಶಂಕರಿ ಕಡೆಯ 32 ಮನೆಗಳ ಅಪಾರ್ಟ್‌ಮೆಂಟು. ಕೆಳಗೆ ಪಾರ್ಕಿಂಗಿನ ಸ್ಟಿಲ್ಟ್, ಅದರ ಮೇಲೆ ನಾಲ್ಕು ಮಹಡಿ, ಕಟ್ಟಿ ಇಪ್ಪತ್ತೈದು ವರ್ಷ ದಾಟಿದೆ. ಪೇಂಟಿಂಗು, ವಾಟರ್‌ಪ್ರೂಫಿಂಗು ಎಲ್ಲ ಒಟ್ಟಿಗೆ ಮಾಡಿಸಲು ಹೊರಟಿದ್ದರು. ಎಲೆಕ್ಟ್ರಿಕಲ್ ಕೆಲಸ ನನ್ನ ಪಾಲಿಗೆ ಬಂತು. ಪಂಪು, ಹೊರಗಿನ ದೀಪಗಳ ಕಾಮನ್ ಮೀಟರು ತಿಂಗಳಿಗೆ 1,600 ಯೂನಿಟ್ ಆಸುಪಾಸು ತಿನ್ನುತ್ತಿತ್ತು. ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ಸೋಲಾರ್ ಪ್ಯಾನೆಲ್. ನಾನು, "ಮೊದಲು ನೀರಿನ ಮೋಟಾರು ಏಳೂವರೆಯಿಂದ ಮೂರು ಎಚ್‌ಪಿಗೆ ಇಳಿಸೋಣ ಸಾರ್, ಪ್ಯಾನೆಲ್ ಎಲ್ಲೂ ಓಡಿಹೋಗಲ್ಲ" ಅಂದೆ. ಅಧ್ಯಕ್ಷರು ಬ್ಯಾಂಕಿನಿಂದ ರಿಟೈರಾದವರು. "ಏಳೂವರೆ ಎಚ್‌ಪಿಗೇ ನೀರು ಏರ್ತಿಲ್ಲ, ನೀವು ಮೂರು ಅಂತೀರಲ್ರೀ!" ಅಂತ ನಕ್ಕುಬಿಟ್ಟರು. ಅವರ ಮಾಮೂಲಿ ಪ್ಲಂಬರ್ ಹತ್ತು ಎಚ್‌ಪಿಗೆ ಕೊಟೇಶನ್ ಕೊಟ್ಟಾಗಿತ್ತು.

ನನಗೆ ಅನುಮಾನ ಬಂದದ್ದು ಗೇಟ್ ವಾಲ್ವ್ ನೋಡಿ. ಅರ್ಧ ಮುಚ್ಚಿತ್ತು. ಪೂರ್ತಿ ತೆಗೆದರೆ ಆಂಪಿಯರ್ ಏರಿ ಟ್ರಿಪ್ ಆಗುತ್ತೆ ಅಂತ ಯಾರೋ ಯಾವ ಕಾಲದಲ್ಲೋ ಮುಚ್ಚಿಟ್ಟಿದ್ದರು. ಸಂಪಿನಿಂದ ಟ್ಯಾಂಕಿಗೆ 22 ಮೀಟರ್ ಎತ್ತರ. ಕೂರಿಸಿದ್ದ ಪಂಪು ಅದರ ಎರಡರಷ್ಟು ಹೆಡ್‌ದು, ಅಂದರೆ ಅಷ್ಟು ಎತ್ತರಕ್ಕೆ ನೀರು ತಳ್ಳುವಂಥದ್ದು. ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಿಡಿದ ಹಾಗೆ, ದಿನಕ್ಕೆ ಮೂರು ಗಂಟೆ.

ಆತುರಪಟ್ಟೆ. ಹಳೇ ಪೈಪಿಗೇ ಮೂರು ಎಚ್‌ಪಿ ಹಾಕಿ ತೋರಿಸುತ್ತೀನಿ ಅಂತ ಶನಿವಾರ ಸಂಜೆ ಕೂರಿಸಿದೆ. ಭಾನುವಾರ ಬೆಳಗ್ಗೆ ಮೇಲಿನ ಟ್ಯಾಂಕು ಖಾಲಿ, ಮನೆ ತುಂಬ ನೆಂಟರು ಬಂದವರ ಬಾಯಿಂದ ಕೇಳಬಾರದ್ದೆಲ್ಲ ಕೇಳಿಸಿಕೊಂಡೆ. ಎರಡು ಟ್ಯಾಂಕರ್ ನೀರು ನನ್ನ ಜೇಬಿಂದಲೇ ತರಿಸಿದೆ. ಆಮೇಲೆ ಆ ಹಳೇ ಜಿ.ಐ. (ಕಬ್ಬಿಣದ) ಪೈಪು ಕುಯ್ದು ನೋಡಿದರೆ, ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಒಂದೂವರೆ ಇಂಚಿನ ಪೈಪಿನಲ್ಲಿ ಹೆಬ್ಬೆರಳು ತೂರುವಷ್ಟೇ ದಾರಿ. ಆ ತುಂಡನ್ನು ಮೀಟಿಂಗಿನ ಟೇಬಲ್ ಮೇಲಿಟ್ಟೆ. ಪೈಪಿಗೆ ದುಡ್ಡು ಪಾಸಾಯಿತು.

ಎರಡು ಇಂಚಿನ ಯುಪಿವಿಸಿ ಪ್ಲಾಸ್ಟಿಕ್ ಪೈಪು ಎಳೆದೆ. ಒಂಬತ್ತು ಬೆಂಡ್ ಇದ್ದದ್ದು ನಾಲ್ಕಾಯಿತು. ಪಂಪಿಗೆ 24 ಸಾವಿರ, ಪೈಪು ಕೂಲಿ ಸೇರಿ 40 ಸಾವಿರದ ಮೇಲೆ ಚಿಲ್ಲರೆ. ಈಗ ಒಂದೂವರೆ ಗಂಟೆಯಲ್ಲಿ ಟ್ಯಾಂಕು ತುಂಬುತ್ತೆ. ದಿನಕ್ಕೆ 18 ಯೂನಿಟ್ ನುಂಗುತ್ತಿದ್ದ ಕಡೆ ನಾಲ್ಕು. ಪಂಪಿನ ಹೆಡ್ಡನ್ನು ಬಕೆಟ್ಟು, ಗಡಿಯಾರ ಇಟ್ಟುಕೊಂಡೇ ಲೆಕ್ಕ ಹಾಕುವ ನನ್ನದೊಂದು ದಾರಿ ಇದೆ, ಅದು ನನ್ನಲ್ಲೇ ಇರಲಿ.

ಲೈಟಿನ ವಿಷಯ ಎಲ್ಲರಿಗೂ ಗೊತ್ತಿರೋದೇ. ಚೋಕಿನ ನಲವತ್ತು ಟ್ಯೂಬ್ ತೆಗೆದು ಎಲ್‌ಇಡಿ. ಅಗ್ಗದ ಮಾಲು ತಂದು ಆರು ತಿಂಗಳಲ್ಲಿ ಹನ್ನೊಂದು ಸುಟ್ಟವು, ಬುದ್ಧಿ ಬಂತು. ಪಾರ್ಕಿಂಗಿಗೆ ಸೆನ್ಸರ್ ಹಾಕಿದ್ದೆ. ರಾತ್ರಿಯೆಲ್ಲ ಬೆಕ್ಕುಗಳಿಗೆ ದೀಪಾವಳಿ. ಈಗ ಹನ್ನೊಂದು ಗಂಟೆ ಮೇಲೆ ಒಂದು ಬಿಟ್ಟು ಒಂದು ಆರುವ ಹಾಗೆ ಟೈಮರ್ ಅಷ್ಟೇ.

ದೊಡ್ಡ ಜಗಳ ತಾರಸಿದು. ನಾಲ್ಕನೇ ಮಹಡಿಯ ಎಂಟು ಮನೆಗಳು ಏಪ್ರಿಲ್‌ನಲ್ಲಿ ಕಾದ ಹೆಂಚಾಗುತ್ತವೆ. ಬಿಳಿ ಬಳಿಯೋಣ ಅಂದರೆ ಕೆಳಗಿನವರು, "ಅವರ ಮನೆ ತಂಪಾಗೋಕೆ ನಾವ್ಯಾಕೆ ಕೊಡಬೇಕು? ಹೇಗೂ ಗೃಹಜ್ಯೋತಿ ಇದೆಯಲ್ಲ" ಅಂದರು. ಗೃಹಜ್ಯೋತಿಯ ಪೇಚು ಗೊತ್ತಲ್ಲ? 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೇಲಿನ ಒಂದು ಮನೆಯ ಅಜ್ಜಿ ಕೂಲರ್ ಹಾಕಿಕೊಂಡು 215ಕ್ಕೆ ಹೋಗಿ, ಸೊನ್ನೆ ಬರಬೇಕಾದ ಕಡೆ ಸಾವಿರದ ಮೇಲೆ ಕಟ್ಟಿದ್ದರು. ಆ ಬಿಲ್ಲು ತಂದು ತೋರಿಸಿದವರು ಅವರೇ. ವಾಟರ್‌ಪ್ರೂಫಿಂಗು ಹೇಗೂ ಪಾಸಾಗಿದೆ, ಮೇಲಿನ ಬಿಳಿ ಪದರಕ್ಕೆ ಮಾತ್ರ ಚದರಡಿಗೆ ಹತ್ತು ಹನ್ನೆರಡು ರೂಪಾಯಿ ಹೆಚ್ಚು, ಒಟ್ಟು 90 ಸಾವಿರ ಅಂತ ಬಿಡಿಸಿ ಹೇಳಿದೆ. ಅರ್ಧ ಮೇಲಿನವರು, ಅರ್ಧ ಅಸೋಸಿಯೇಷನ್ ಅಂತ ಮುಗಿಯಿತು.

ಅದಕ್ಕೂ ಮುಂಚೆ ದುಡ್ಡು ಉಳಿಸಲು ಒಂದು ಮೂಲೆಯಲ್ಲಿ ಸುಣ್ಣ, ಬಿಳಿ ಸಿಮೆಂಟು, ಫೆವಿಕಾಲ್ ಕಲಸಿ ಬಳಿದು ನೋಡಿದ್ದೆ. ಮೊದಲ ಆಲಿಕಲ್ಲು ಮಳೆಗೇ ಕೊಚ್ಚಿ ಇಂಗುಗುಂಡಿಗೆ ಹೋಗಿ ಕಟ್ಟಿಕೊಂಡಿತು. ಗುಂಡಿ ತೆಗೆಸಿದ ಕೂಲಿ ಮತ್ತೆ ನನ್ನದೇ. ಇನ್ನೊಂದು ಮೂಲೆಯಲ್ಲಿ ಒಡೆದ ಬಿಳಿ ಟೈಲ್ಸ್ ಚೂರು ಹಾಸಿದ್ದೆ, ಅದು ಈಗಲೂ ಎಲ್ಲಕ್ಕಿಂತ ತಣ್ಣಗಿದೆ. ಆದರೆ ಇಡೀ ತಾರಸಿಗೆ ಹಾಸುವಷ್ಟು ಭಾರ, ಖರ್ಚು ಯಾರಿಗೆ ಬೇಕು?

ಕೊನೆಗೆ ಬಿಳಿ ಅಕ್ರಿಲಿಕ್ ಪೇಂಟಿನ ಕೋಟು. ಮೊದಲ ಕೋಟು ಬಳಿಯುವ ಮುಂಚೆ ತಾರಸಿಗೆ ಏನು ಬಳಿದು ಒಂದು ರಾತ್ರಿ ಬಿಡ್ತೀನಿ ಅನ್ನೋದು ಹೊಟ್ಟೆಪಾಡಿನ ಗುಟ್ಟು. ಮಧ್ಯಾಹ್ನ ಮೂರಕ್ಕೆ ಒಳಗಿನ ಸೀಲಿಂಗಿಗೆ ಬಿಸಿ ಅಳೆಯುವ ಗನ್ ಹಿಡಿದರೆ 41 ಡಿಗ್ರಿ ತೋರಿಸುತ್ತಿದ್ದದ್ದು ಈಗ 35ರ ಹತ್ತಿರ. ವರ್ಷಕ್ಕೊಮ್ಮೆ ಧೂಳು ತೊಳೆಯದಿದ್ದರೆ ಮತ್ತೆ ಏರುತ್ತೆ. ಅಜ್ಜಿಯ ಕೂಲರು ಅಟ್ಟ ಸೇರಿದೆ.

ಕಾಮನ್ ಮೀಟರು ಈಗ 700 ಚಿಲ್ಲರೆ. ಬಿಲ್ಲು ನೋಡಿ ಅಧ್ಯಕ್ಷರು ಮತ್ತೆ ಪ್ಯಾನೆಲ್ ಮಾತೆತ್ತಿದ್ದಾರೆ. ಕಿಲೋವ್ಯಾಟಿಗೆ ತಿಂಗಳಿಗೆ 120 ಯೂನಿಟ್ ಹಿಡಿದರೂ ಮೊದಲು 13 ಕಿಲೋವ್ಯಾಟ್ ಬೇಕಿತ್ತು, ಈಗ ಆರು ಸಾಕು. ಕೊಟೇಶನ್ ಅವರೇ ತರಿಸುತ್ತಿದ್ದಾರೆ. ನಾನು ಒಂದೇ ಷರತ್ತು ಬರೆದುಕೊಟ್ಟಿದ್ದೇನೆ: ಬಳಿದ ತಾರಸಿಗೆ ಡ್ರಿಲ್ ತಾಗಿಸಬೇಡಿ, ಸ್ಟ್ಯಾಂಡನ್ನು ಕಾಂಕ್ರೀಟ್ ಬ್ಲಾಕಿನ ಮೇಲೆ ಕೂರಿಸಿ.