ಬಾಬಿನ್ ಮುಗಿದರೆ ಏಳಬೇಕು: ಬೆನ್ನು, ಕತ್ತು ನೋವಿನ ನನ್ನ ಅನುಭವ

ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಹದಿನೈದು ದಿನಗಳಲ್ಲಿ ಎಪ್ಪತ್ತರ ಮೇಲೆ ಬ್ಲೌಸ್ ಹೊಲಿದು ಕೊಟ್ಟೆ. ಅರ್ಧಕ್ಕರ್ಧ ಲೈನಿಂಗ್, ಹತ್ತೋ ಹನ್ನೆರಡೋ ಪ್ರಿನ್ಸೆಸ್ ಕಟ್. ಒಂದೂ ನೋವಿನ ಮಾತ್ರೆ ನುಂಗಲಿಲ್ಲ. ಎರಡು ವರ್ಷದ ಹಿಂದೆ ಇದೇ ಹಬ್ಬಕ್ಕೆ ನೋವಿನಿಂದ ಇಪ್ಪತ್ತೈದು ಮುಗಿಸಲಾಗದೆ ಗಿರಾಕಿಗಳ ಬಟ್ಟೆಯನ್ನು ಹಾಗೆಯೇ ಮಡಚಿ ವಾಪಸ್ ಕೊಟ್ಟಿದ್ದೆ. ಸೊಂಟದ ಬೆಲ್ಟ್ ಬಿಚ್ಚಿದರೆ ಹಾಸಿಗೆ ಹಿಡಿಯುತ್ತೀರಿ ಅಕ್ಕಾ ಎಂದು ಹೆದರಿಸಿದ್ದ ನಮ್ಮ ಗಲ್ಲಿಯ ಟೈಲರ್‌ಗಳೇ ಈಗ ಬಂದು ನನ್ನ ಮಷಿನ್ನಿನ ಕಾಲುಗಳ ಕೆಳಗೆ ಬಗ್ಗಿ ನೋಡುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ಮೊದಲು ಕಾಲು ಮಷಿನ್, ಆಮೇಲೆ ಅದಕ್ಕೇ ಮೋಟರ್, ಕಳೆದ ಆರೇಳು ವರ್ಷದಿಂದ ಕಾರ್ಖಾನೆಗಳಲ್ಲಿರುವಂಥ ವೇಗದ ಪವರ್ ಮಷಿನ್. ನೋವು ಬಂದದ್ದು ಪವರ್ ಮಷಿನ್ ಬಂದ ಮೇಲೆ. ಹಳೆಯ ಮಷಿನ್ನಿನಲ್ಲಿ ಬೆಲ್ಟ್ ಜಾರುತ್ತಿತ್ತು, ದಾರ ಕಡಿಯುತ್ತಿತ್ತು, ನಡುನಡುವೆ ಏಳಲೇಬೇಕಾಗುತ್ತಿತ್ತು. ಹೊಸದು ನಿಲ್ಲುವುದೇ ಇಲ್ಲ, ಹಾಗಾಗಿ ನಾನೂ ಏಳುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯಲು ನಾಲ್ಕು ವರ್ಷ ಹಿಡಿಯಿತು.

ಆ ನಾಲ್ಕು ವರ್ಷದಲ್ಲಿ ಸುರಿದ ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಎಂಆರ್‌ಐಗೆ ಆರೂವರೆ ಸಾವಿರ. ಗಟ್ಟಿ ಹಾಸಿಗೆಗೆ ಹದಿನಾಲ್ಕು ಸಾವಿರ. ಅದರ ಮೇಲೆ ಮಲಗಿದ ಮೊದಲ ವಾರವೇ ಭುಜ ಹಿಡಿದುಕೊಂಡಿತು. ಎಣ್ಣೆ ತಿಕ್ಕಿಸಿಕೊಂಡದ್ದಕ್ಕೆ ಒಂಬತ್ತು ಸಾವಿರ; ಮಾಡಿಸಿಕೊಂಡ ದಿನ ಸ್ವರ್ಗ, ಮೂರನೆಯ ದಿನಕ್ಕೆ ಮತ್ತೆ ಅದೇ ಪಾಡು. ಸೊಂಟ ಎಳೆಸುವ ಚಿಕಿತ್ಸೆ ಹತ್ತು ಸಲ, ಸುಮಾರು ಮೂರು ಸಾವಿರ. ಬೆಲ್ಟ್ ಮತ್ತು ಕತ್ತಿನ ಪಟ್ಟಿ ಸೇರಿ ಸಾವಿರದ ನಾನೂರೋ ಏನೋ. ಉಳಿದದ್ದು ವೈದ್ಯರ ಫೀಸು, ಮಾತ್ರೆ, ಮಾತ್ರೆಯಿಂದ ಬಂದ ಹೊಟ್ಟೆಯುರಿಗೆ ಇನ್ನೊಂದು ಮಾತ್ರೆ. ಒಟ್ಟು ಐವತ್ತು ಸಾವಿರದ ಆಸುಪಾಸು. ನನ್ನ ದರದಲ್ಲಿ ನೂರಹತ್ತು ಲೈನಿಂಗ್ ಬ್ಲೌಸಿನ ಕೂಲಿ. ಎಂಆರ್‌ಐ ವರದಿಯಲ್ಲಿ ಸೊಂಟದ ಒಂದು ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ), ಕತ್ತಿನ ಒಂದು ಡಿಸ್ಕ್ ಉಬ್ಬಿವೆ ಎಂದಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಳ್ಳಿ, ಒಂದೂವರೆ ಲಕ್ಷ ಆಗಬಹುದು ಎಂದರು. ಆ ರಾತ್ರಿ ನಾನೂ ನಮ್ಮ ಮನೆಯವರೂ ಮಷಿನ್ ಮಾರುವ ಮಾತನ್ನೂ ಆಡಿದೆವು.

ಕೊನೆಯ ಪ್ರಯತ್ನವೆಂದು ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋದೆ. ಹತ್ತೋ ಇಪ್ಪತ್ತೋ ರೂಪಾಯಿಯ ಚೀಟಿ. ಅಲ್ಲಿದ್ದ ಮೇಡಂ ವರದಿಯನ್ನು ಪಕ್ಕಕ್ಕಿಟ್ಟು ಮೊದಲು ಕಾಲಿನ ಬಲ, ಸ್ಪರ್ಶ ಎಲ್ಲ ಪರೀಕ್ಷಿಸಿದರು. ಕಾಲು ಸೋತಿದೆಯೇ, ತೊಡೆಯ ಸಂದು ಮರಗಟ್ಟುತ್ತದೆಯೇ, ಮೂತ್ರದ ಹಿಡಿತ ತಪ್ಪಿದೆಯೇ ಎಂದು ಕೇಳಿದರು. ಇವುಗಳಲ್ಲಿ ಒಂದಿದ್ದರೂ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕಂತೆ. ನನಗೆ ಯಾವುದೂ ಇರಲಿಲ್ಲ. ನಲವತ್ತು ದಾಟಿದವರನ್ನು ಸ್ಕ್ಯಾನ್ ಮಾಡಿದರೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ ಎಂದರು. ಆಮೇಲೆ ಯಾರೂ ಕೇಳದ ಮಾತು ಕೇಳಿದರು: ನೀವು ಹೊಲಿಯುವುದನ್ನು ಪಕ್ಕದಿಂದ ವಿಡಿಯೋ ಮಾಡಿಸಿಕೊಂಡು ಬನ್ನಿ.

ಮಗಳು ಮಾಡಿದ ಆ ವಿಡಿಯೋ ನೋಡಿ ನನಗೆ ಅಳುವೇ ಬಂತು. ಸ್ಟೂಲಿನ ತುದಿಯಲ್ಲಿ ಕುಳಿತು, ಗೂನು ಬೆನ್ನು ಮಾಡಿಕೊಂಡು, ಮೂಗು ಸೂಜಿಗೆ ತಾಗುವಷ್ಟು ಬಗ್ಗಿದ್ದೆ.

ಅಲ್ಲಿಂದ ನನ್ನ ಕೆಲಸ ಶುರುವಾಯಿತು. ನಮ್ಮ ಸ್ಟ್ಯಾಂಡಿನ ಕಾಲಿಗೆ ಎತ್ತರ ಹೊಂದಿಸುವ ಬೋಲ್ಟ್ ಇದೆ, ಅಂಗಡಿಯವರು ಕೂರಿಸಿದ ಮೇಲೆ ಯಾರೂ ಮುಟ್ಟುವುದಿಲ್ಲ. ಮೊದಲು ನಾಲ್ಕಂಗುಲ ಎತ್ತಿದೆ. ತಪ್ಪು: ಭುಜ ಕಿವಿಗೆ ಬಂತು, ಪೆಡಲ್ಲಿನ ಸರಳು ಗಿಡ್ಡವಾಯಿತು. ಇಳಿಸಿ ಇಳಿಸಿ ಕೊನೆಗೆ ಎರಡಂಗುಲಕ್ಕೆ ನಿಂತಿತು. ಈಗ ಟೇಬಲ್ಲು ನನ್ನ ಮೊಣಕೈಗಿಂತ ಮೂರು ನಾಲ್ಕು ಬೆರಳು ಮೇಲಿದೆ. ಪೆಡಲ್ಲನ್ನು ಮುಂದಕ್ಕೆ ತಳ್ಳಿದೆ, ಮಂಡಿಗೆ ಜಾಗ ಸಿಕ್ಕಿತು. ಹಿಂದಿನ ಎರಡು ಕಾಲುಗಳಿಗೆ ಬಡಗಿಯಿಂದ ಮರದ ತುಂಡು ಮಾಡಿಸಿ ಟೇಬಲ್ಲನ್ನು ನನ್ನ ಕಡೆಗೆ ಇಳಿಜಾರು ಮಾಡಿದೆ. ಸೂಜಿ ಕಣ್ಣೆದುರು ಬಂದದ್ದು ಆಗ. ಇಳಿಜಾರು ಮಾಡಿದರೆ ಮಷಿನ್ ಕೆಳಗಿನ ತಟ್ಟೆಯ ಎಣ್ಣೆ ಮುಂದಕ್ಕೆ ಸೇರುತ್ತದೆ, ನನ್ನ ಎರಡು ರೇಷ್ಮೆ ಪೀಸು ಅದರಿಂದಲೇ ಹಾಳಾದವು. ಅದಕ್ಕೆ ಕಂಡುಕೊಂಡ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಗೆ ಬಂದರೆ ತೋರಿಸುತ್ತೇನೆ.

ಕನ್ನಡಕದ ವಿಷಯ ಯಾರೂ ಹೇಳಿಕೊಡಲಿಲ್ಲ, ನಾನೇ ಹುಡುಕಿದ್ದು. ಓದುವ ಕನ್ನಡಕ ಪುಸ್ತಕ ಹಿಡಿಯುವ ದೂರಕ್ಕೆ ಹೊಂದುತ್ತದೆ, ಸೂಜಿ ಅದಕ್ಕಿಂತ ದೂರ. ನೆಟ್ಟಗೆ ಕುಳಿತು ಟೇಪಿನಲ್ಲಿ ಅಳೆದೆ, ಕಣ್ಣಿನಿಂದ ಸೂಜಿಗೆ 18 ಅಂಗುಲ. ಕಣ್ಣು ಪರೀಕ್ಷಿಸುವವರಿಗೆ ಈ ಅಳತೆ ಹೇಳಿ ಅದಕ್ಕೆ ತಕ್ಕ ನಂಬರ್ ಹಾಕಿಸಿದೆ. ಸಾವಿರದ ಇನ್ನೂರು ಆಯಿತು. ಕತ್ತಿನ ಅರ್ಧ ನೋವು ಅಲ್ಲಿಗೇ ಹೋಯಿತು ಎಂದು ನನ್ನ ನಂಬಿಕೆ.

ಇನ್ನು ಬಾಬಿನ್, ಅಂದರೆ ಮಷಿನ್ನಿನ ಕೆಳದಾರ ಸುತ್ತಿಡುವ ಪುಟ್ಟ ಉರುಳೆ. ಮೊಬೈಲಿನಲ್ಲಿ ಅರ್ಧ ಗಂಟೆಗೊಮ್ಮೆ ಅಲಾರಂ ಇಟ್ಟು ನೋಡಿದೆ. ಬ್ಲೌಸಿಗೆ ತೋಳು ಕೂರಿಸುವಾಗ ಅದು ಹೊಡೆದುಕೊಂಡರೆ ಯಾರು ಏಳುತ್ತಾರೆ? ಬಾಬಿನ್ ಮುಗಿದಾಗ ಹೇಗೂ ಕೈ ನಿಲ್ಲುತ್ತದೆ. ಆಗ ಏಳುವುದು, ಗೋಡೆಗೆ ಬೆನ್ನು ಕೊಟ್ಟು ಗದ್ದವನ್ನು ಒಳಗೆಳೆದು ಐದು ಎಣಿಸುವುದು, ಹತ್ತು ಸಲ. ಅದಕ್ಕೆಂದೇ ಬಾಬಿನ್ನಿಗೆ ದಾರವನ್ನು ಮುಕ್ಕಾಲು ಮಾತ್ರ ಸುತ್ತುತ್ತೇನೆ. ಬೆಳಿಗ್ಗೆ ಮೇಡಂ ಕಲಿಸಿದ ನಾಲ್ಕು ವ್ಯಾಯಾಮ, ಸಂಜೆ ಅರ್ಧ ಗಂಟೆ ನಡಿಗೆ. ಮೊದಲ ಹತ್ತು ದಿನ ನೋವು ಹೆಚ್ಚಾಯಿತು, ಸಿಟ್ಟಿನಿಂದ ಒಂದು ವಾರ ಬಿಟ್ಟೆ. ಬಿಡಬೇಡಿ, ಅರ್ಧ ಮಾಡಿ ಎಂದರು ಮೇಡಂ. ಆರು ವಾರಕ್ಕೆ ರಾತ್ರಿ ನಿದ್ದೆ ಬಂತು, ಮೂರು ತಿಂಗಳಿಗೆ ಬೆಲ್ಟನ್ನು ಅಟ್ಟಕ್ಕೆ ಎಸೆದೆ. ಮರದ ತುಂಡು, ಕನ್ನಡಕ ಸೇರಿ ಎರಡೂವರೆ ಸಾವಿರ ದಾಟಲಿಲ್ಲ.

ಬೆಲ್ಟಿಲ್ಲದೆ ಆಗದು ಎಂದು ವಾದಿಸಿದವರಿಗೆ ಮಗಳು ಮೊಬೈಲಿನಲ್ಲಿ ತೋರಿಸಿದಳು: ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಬಹುಕಾಲದ ಸೊಂಟ ನೋವಿಗೆ ವ್ಯಾಯಾಮ ಬೇಕು, ಬೆಲ್ಟು ಮತ್ತು ಎಳೆಸುವ ಚಿಕಿತ್ಸೆ ಬೇಡ ಎನ್ನುತ್ತದೆ. ನಾನು ಅವೆರಡಕ್ಕೂ ದುಡ್ಡು ಕೊಟ್ಟಿದ್ದೆ.

ನಿಂತು ಹೊಲಿಯುವುದನ್ನೂ ಪ್ರಯತ್ನಿಸಿದೆ. ಒಂದೇ ಕಾಲಿನ ಮೇಲೆ ಭಾರ ಬಿದ್ದು ಎರಡೇ ದಿನಕ್ಕೆ ಬಿಟ್ಟೆ. ಕಟಿಂಗ್ ಮಾತ್ರ ನೆಲದ ಮೇಲಿಂದ ಎತ್ತರದ ಟೇಬಲ್ಲಿಗೆ ಬಂತು, ಅದು ಇನ್ನು ಇಳಿಯುವುದಿಲ್ಲ. ಹುಕ್ಕು, ಹೆಮ್ಮಿಂಗ್ ಮಾಡುವಾಗ ಕತ್ತು ಈಗಲೂ ಹಿಡಿಯುತ್ತದೆ. ಮಡಿಲಲ್ಲಿ ಎರಡು ದಿಂಬು ಇಟ್ಟು ಕೈಯನ್ನು ಎತ್ತರಿಸಿ ನೋಡುತ್ತಿದ್ದೇನೆ, ಸ್ವಲ್ಪ ಪರವಾಗಿಲ್ಲ. ಆರಿ ವರ್ಕಿನ (ಕೊಕ್ಕೆ ಸೂಜಿಯ ಕಸೂತಿ) ಚೌಕಟ್ಟಿಗೂ ಕಾಲು ಮಾಡಿಸಲು ಬಡಗಿಗೆ ಹೇಳಿದ್ದೇನೆ, ದಸರೆಯ ಒಳಗೆ ಕೊಡುತ್ತಾನಂತೆ.