ಕಾಳುಗಳೊಂದಿಗೆ ಒಂದು ವಾರ: ಶಿಶುತರಗತಿಗೊಂದು ಯೋಜನೆ

ಕೋಲಾರದ ಅಂಗನವಾಡಿಯಲ್ಲಾಗಲಿ ಎಲ್‌ಕೆಜಿಯಲ್ಲಾಗಲಿ ವಾರದ ಚಟುವಟಿಕೆಗಳಿಗೆ ದುಬಾರಿ ಆಟಿಕೆಗಳು ಬೇಕಿಲ್ಲ. ಮನೆಯಲ್ಲಿರುವ ರಾಗಿ, ಹುರುಳಿ, ಅವರೆ, ಹುಣಸೆ ಬೀಜಗಳೇ ಸಾಕು.

ಸೋಮವಾರ ಪ್ರತಿ ಮಗುವೂ ಒಂದು ಹಿಡಿ ಕಾಳು ತರಲಿ. ಅವನ್ನು ಮುಟ್ಟಿಸಿ, ಹೆಸರು ಹೇಳಿಸಿದ ಮೇಲೆ ಹುರುಳಿಯನ್ನು ಎಲ್ಲರೆದುರು ನೆನೆಹಾಕಿ. ಮಂಗಳವಾರ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬುಧವಾರ ಅಥವಾ ಮರುದಿನ ಮೊಳಕೆಯ ಬಿಳಿ ತುದಿ ಕಾಣಿಸುತ್ತದೆ. ಆಗ ವಿವರಿಸುವ ಆತುರಕ್ಕೆ ಬೀಳದೆ ‘ಏನಾಯಿತು?’ ಎಂದಷ್ಟೇ ಕೇಳಿ, ಮಗು ತೆಲುಗಿನಲ್ಲಿ ಉತ್ತರಿಸಿದರೂ ಪೂರ್ತಿ ಆಲಿಸಿ, ಅದನ್ನೇ ಕನ್ನಡದಲ್ಲಿ ಮತ್ತೊಮ್ಮೆ ಹೇಳಿಕೊಡಿ. ಗಡಿಜಿಲ್ಲೆಯ ತರಗತಿಯಲ್ಲಿ ಎರಡು ಭಾಷೆಗಳಿರುವುದು ಅಡಚಣೆಯಲ್ಲ, ಅನುಕೂಲವೆಂದೇ ನನ್ನ ಅಭಿಪ್ರಾಯ. ಕಂಡದ್ದನ್ನು ಬಳಪದಲ್ಲಿ ಚಿತ್ರಿಸಲಿ, ಚಿತ್ರ ತಿದ್ದಬೇಡಿ.

ಗುರುವಾರ ಹುಣಸೆ ಬೀಜಗಳಿಂದ ಐದರವರೆಗೆ ಎಣಿಕೆ, ಬಳಿಕ ಅಳಗುಳಿ ಮಣೆಯ ಗುಳಿಗಳಿಗೆ ಒಂದೊಂದೇ ಬೀಜ ಹಾಕುವ ಆಟ. ಬೀಜವನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವ ವಯಸ್ಸಾದ್ದರಿಂದ ಐದಾರು ಮಕ್ಕಳ ಗುಂಪನ್ನಷ್ಟೇ ಕೂರಿಸಿ, ಆಟ ಮುಗಿಯುವವರೆಗೂ ಜೊತೆಯಲ್ಲೇ ಇದ್ದು, ಕೊನೆಗೆ ಬೀಜಗಳನ್ನು ಲೆಕ್ಕಮಾಡಿ ಡಬ್ಬಕ್ಕೆ ಹಾಕಿಸಿ.

ಶುಕ್ರವಾರ ತಟ್ಟೆಯಲ್ಲಿ ರಾಗಿ ಹರಡಿ, ಬೆರಳಿನಿಂದ ‘ರ’ ತಿದ್ದಿಸಿ. ಶನಿವಾರ ಅರ್ಧ ದಿನವಷ್ಟೇ: ಮೊಳಕೆಗಳನ್ನು ಮಣ್ಣು ತುಂಬಿದ ತೆಂಗಿನ ಚಿಪ್ಪುಗಳಲ್ಲಿ ನೆಟ್ಟು, ಮಕ್ಕಳ ಹೆಸರು ಬರೆದು ಕಿಟಕಿಯ ಬಳಿ ಇಡಿ.