ಬಾವಿ ತುಂಬಿಸಿದೆ, ಹಳ್ಳವೂ ಹರಿಯಿತು: ನನ್ನ ಅನುಭವ

ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ನಮ್ಮ ಹೊಲದ ಬಾವಿ ಈಗ ಯುಗಾದಿ ದಾಟಿದರೂ ದಿನಕ್ಕೆ ಎರಡು ತಾಸು ನೀರು ಕೊಡುತ್ತದೆ. "ಹೊಲದ ನೀರು ಬಾವಿಗೆ ಬಿಟ್ರ ಬಾವಿ ಹೂತು ಹೋಗ್ತದ ತಮ್ಮಾ" ಎಂದಿದ್ದ ಕಾಕಾ ಅವರೇ ಮೊನ್ನೆ ಬಂದು, ಮಳೆನೀರು ಸೋಸಿ ಬಾವಿಗೆ ಬಿಡುವ ನನ್ನ ಗುಂಡಿಯ ಅಳತೆ ತಗೊಂಡು ಹೋದರು.

ಮೊದಲು ದುಡ್ಡಿನ ಮಾತು. 2016ರ ಬರ ಎಲ್ಲರಿಗೂ ನೆನಪಿದೆ, ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆ ಅದು. ಅದರ ಹಿಂದುಮುಂದೆ ಬೋರ್ ಮೇಲೆ ಬೋರ್ ಹಾಕಿಸಿದೆ. ಕೇಸಿಂಗ್ (ಬೋರಿನ ಮೇಲ್ಭಾಗ ಕುಸಿಯದಂತೆ ಇಳಿಸುವ ಕೊಳವೆ), ಮೋಟಾರು, ಪೈಪು ಸೇರಿ ನಾಲ್ಕು ಲಕ್ಷದ ಮೇಲೆ ಹೋಯಿತು. ಒಂದರಲ್ಲಿ ಐನೂರು ಅಡಿಗೂ ಬರೀ ದೂಳು. ಇನ್ನೊಂದು ಎರಡು ಬೇಸಿಗೆ ನಡೆದು ನಿಂತಿತು. ನಮ್ಮ ಕರಿಕಲ್ಲಿನ ನೆಲದಲ್ಲಿ ನೀರು ಇರುವುದು ಮೇಲಿನ ಗರಸಿನಲ್ಲಿ, ಅಂದರೆ ಸವೆದು ಸಡಿಲಾದ ಕಲ್ಲಿನ ಪದರದಲ್ಲಿ, ಮತ್ತು ಬಿರುಕುಗಳಲ್ಲಿ. ಕೇಸಿಂಗ್ ಗಿಡ್ಡ ಇದ್ದರೆ ಆ ಗರಸಿನ ನೀರೂ ಬೋರಿನೊಳಗೆ ಇಳಿದು ಹೋಗುತ್ತದೆ. ಸುತ್ತಲೂ ಬೋರ್ ಜಾಸ್ತಿಯಾದಂತೆ ನಮ್ಮ ಬಾವಿಗಳು ಬತ್ತಿದವು.

ಆಮೇಲೆ ಅಜ್ಜನ ಕಾಲದ ಬಾವಿಯ ಹೂಳು ತೆಗೆಸಿದೆ. ನಲವತ್ತೈದು ಅಡಿ ಇರಬಹುದು. ಒಡ್ಡಿನ ನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಯಲ್ಲಿ ಸೋಸಿ ಪೈಪಿನಿಂದ ಬಾವಿಗೆ ಬಿಟ್ಟೆ. ಮೊದಲ ದೊಡ್ಡ ಮಳೆಗೇ ಗುಂಡಿ ಕಟ್ಟಿಕೊಂಡಿತು. ಮರಳಿನ ಮೇಲೆ ಎರೆಮಣ್ಣು ಜೋಳದ ಅಂಬಲಿಯ ಹಾಗೆ ಕೆನೆಗಟ್ಟಿತ್ತು. ಕೆಳಗಿನ ಜಲ್ಲಿಗೆ ಒಂದು ಹನಿಯೂ ಮುಟ್ಟಿರಲಿಲ್ಲ. ಮುಂದಿನ ವರ್ಷ ಮರಳು ಬದಲಿಸಿದೆ, ಆಗಲೂ ಅದೇ ಗತಿ. ಕೊನೆಗೆ ಸೋಸುವ ಗುಂಡಿಗೆ ಮುಂಚೆ ಹೂಳು ನಿಲ್ಲಲು ಹತ್ತಡಿ ಅಗಲದ ಇನ್ನೊಂದು ಗುಂಡಿ ತೋಡಿಸಿದೆ. ಅದಕ್ಕೂ ಮುಂಚೆ ಕರಿಕೆ ಹುಲ್ಲಿನ ಪಟ್ಟಿ ಬಿಟ್ಟೆ. ಮುಂಗಾರಿನ ಮೊದಲ ಕೆಂಪು ನೀರನ್ನು ಒಳಗೆ ಬಿಡುವುದೇ ಇಲ್ಲ, ಹಳ್ಳಕ್ಕೆ ಹೋಗಲಿ ಎಂದು ಗುಂಡಿಯ ಬಾಯಿ ಮುಚ್ಚುತ್ತೇನೆ. ಎಲ್ಲಾ ಸೇರಿ ಅರವತ್ತು ಸಾವಿರದ ಆಸುಪಾಸು ಖರ್ಚು. ಒಂದು ಬೋರಿನ ದುಡ್ಡೂ ಅಲ್ಲ! ಜಲ್ಲಿಯನ್ನು ಯಾವ ಅಳತೆಯಲ್ಲಿ, ಯಾವುದರ ಮೇಲೆ ಯಾವುದು ಹಾಕಿದೆ ಎಂಬುದು ನನ್ನ ಗುಟ್ಟು. ಹೊಲಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಬತ್ತಿದ ಬೋರಿಗೂ ಈ ನೀರು ಬಿಟ್ಟು ನೋಡಿದೆ. ವಾರದೊಳಗೆ ಪಕ್ಕದ ಹೊಲದ ಬೋರಿನಲ್ಲಿ ರಾಡಿ ಬಂತು. ಕೂಡಲೇ ನಿಲ್ಲಿಸಿದೆ. ಕುಡಿಯುವ ನೀರಿನ ವಿಷಯ ಅದು, ಆಟ ಆಡಬಾರದು.

ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಬಾವಿಯ ನೀರು ಅಳೆಯುತ್ತಾ ಬಂದೆ. ನಮ್ಮ ಹಳ್ಳದ ತಳ ಬಾವಿಯ ಬಾಯಿಗಿಂತ ಹನ್ನೆರಡು ಅಡಿ ಕೆಳಗೆ. ಬಾವಿಯ ನೀರು ಬಾಯಿಯಿಂದ ಹತ್ತು ಅಡಿ ಕೆಳಗಿದ್ದಾಗ ಹಳ್ಳದ ದಂಡೆಯಲ್ಲಿ ಒರತೆ ಜಿನುಗುತ್ತದೆ, ಮಳೆ ನಿಂತು ತಿಂಗಳಾಗಿದ್ದರೂ. ಹದಿನಾಲ್ಕಕ್ಕೆ ಇಳಿಯಿತೋ, ಹಳ್ಳದಲ್ಲಿ ನಿಂತ ನೀರೂ ಇಂಗಿ ನಮ್ಮ ಕಡೆಗೇ ಬರುತ್ತದೆ. ಅಂದರೆ ಬಾವಿ ಬರಿದು ಮಾಡಿದವರು ಹಳ್ಳವನ್ನೂ ಬರಿದು ಮಾಡಿದಂತೆಯೇ. ನಮ್ಮ ಹಳ್ಳ ಸೇರುವುದು ಅಮರ್ಜಾ ಹೊಳೆಗೆ, ಅಮರ್ಜಾ ಗಾಣಗಾಪುರದಲ್ಲಿ ಭೀಮಾ ನದಿಗೆ. ಬೇಸಿಗೆಯಲ್ಲಿ ಹೊಳೆ ಒಣಗಿತೆಂದು ಮೇಲಿನ ಡ್ಯಾಮಿನ ಕಡೆ ಮಾತ್ರ ಬೊಟ್ಟು ಮಾಡುತ್ತೇವೆ. ನಮ್ಮ ಮೋಟಾರುಗಳ ಪಾಲೂ ಇದೆ ಅಲ್ವಾ?

ಮೇಲಿನ ಹೊಲದ ನಾಲ್ಕೈದು ಮಂದಿಯೂ ಗುಂಡಿ ತೋಡಿದ ಮೇಲೆ ಹಳ್ಳ ಎಳ್ಳ ಅಮಾವಾಸ್ಯೆವರೆಗೆ ಹರಿಯತೊಡಗಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸಾರಿದರು. ಆ ವರ್ಷ ಹಳ್ಳ ದೀಪಾವಳಿಗೇ ನಿಂತಿತು. ಬಾವಿ ಮಾತ್ರ ತೊಗರಿಗೆ ಹೂವಿನಲ್ಲೊಂದು, ಕಾಯಿಯಲ್ಲೊಂದು ನೀರು ಕೊಟ್ಟಿತು. ಎಕರೆಗೆ ಐದು ಕ್ವಿಂಟಲ್ ಹತ್ತಿರ ಬಂತು. ಸುತ್ತಲಿನವರಿಗೆ ಅದರ ಅರ್ಧವೂ ಇಲ್ಲ.

ಕಬ್ಬು ಹಚ್ಚುವವರು ನನ್ನ ಗುಂಡಿ ನೋಡಿ ಆಸೆ ಪಡಬೇಡಿ. ಕಬ್ಬಿಗೆ 1500ರಿಂದ 2500 ಮಿ.ಮೀ. ನೀರು ಬೇಕು. ನಮ್ಮ ಕಡೆ ಒಳ್ಳೆಯ ವರ್ಷದಲ್ಲೂ ಮಳೆ ಅದರ ಅರ್ಧದ ಆಸುಪಾಸು. ನಾನು ಕಬ್ಬು ಕಿತ್ತು ತೊಗರಿ, ಕಡಲೆ, ಬಿಳಿಜೋಳಕ್ಕೆ ಬಂದ ಮೇಲೇ ಬಾವಿ ಮೇಲೆದ್ದದ್ದು. ಗುಂಡಿಯ ಹೂಳನ್ನು ವರ್ಷವೂ ಮೃಗಶಿರಾ ಮಳೆಗೆ ಮುಂಚೆ ತೆಗೆಸಿ. ಮೂರು ಸಾವಿರದೊಳಗೆ ಮುಗಿಯುತ್ತದೆ, ಆ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರವೂ ಹೌದು.